ಒರೆಯ ಮೇಲಿನ ಅರಗು

ಆ ಒರೆಗೆ ಹೊಸದಾಗಿ ಅರಗು ಹಚ್ಚಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ನಮ್ಮ ಬೀದಿಯವರು ಅಮಲ್ದಾರರನ್ನು ಬೈದರು, ಯುದ್ಧವನ್ನು ಬೈದರು, ಪಾಪ, ನನ್ನ ಹೆಂಡತಿ ರೋಶನ್ ಬೀಯನ್ನೂ ಬಿಡಲಿಲ್ಲ. ಬೈಸಿಕೊಳ್ಳಬೇಕಾದ ನಾನು ಮಾತ್ರ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದೆ.

ಜರ್ಮನಿಯವರ ಮೇಲೆ ಯುದ್ಧ ಶುರುವಾದ ಮಾರನೆಯ ವರ್ಷ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ತಮಟೆ ಬಡಿದು ಸಾರಿದರು. ಮನೆಯಲ್ಲಿ ಕತ್ತಿ, ಈಟಿ, ಬಂದೂಕು ಏನಿದ್ದರೂ ಹದಿನೈದು ದಿನದೊಳಗೆ ತಾಲ್ಲೂಕು ಕಚೇರಿಗೆ ತಂದು ತೋರಿಸಬೇಕು. ತಲೆಮಾರುಗಳಿಂದ ಬಂದ ಹಳೆಯ ಆಯುಧವಾದರೆ ಅದರ ಮೂಲ ಬರೆದುಕೊಂಡು ಚೀಟಿ ಕೊಡುತ್ತಾರೆ, ಮನೆಗೆ ತರಬಹುದು. ಈಚೆಗೆ ಮಾಡಿದ್ದು ಎಂದು ಗೊತ್ತಾದರೆ ಮಾಡಿದವನಿಗೆ ಎರಡು ವರ್ಷ ಜೈಲು.

ನಮ್ಮದು ಬೊಂಬೆ ಮಾಡುವ ಮನೆ. ಹಾಲೆಮರವನ್ನು ಕಡಸಲು ಎಂಬ ತಿರುಗುಯಂತ್ರಕ್ಕೆ ಹಾಕಿ ಕಡೆದು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವುದು ನಮ್ಮ ಕಸುಬು. ಗಿಲಕಿ, ಬುಗುರಿ, ಕುಂಕುಮದ ಭರಣಿ ಮಾಡುವ ಇಂಥ ಮನೆಯ ಗೋಡೆಯ ಮೇಲೆ ಒಂದು ನಿಜವಾದ ಕತ್ತಿ ನೇತಾಡುತ್ತಿತ್ತು. ಅಲಗು ಬಾಗಿತ್ತು, ಹಿಡಿಯ ಕೊನೆಗೆ ದುಂಡನೆಯ ಕಬ್ಬಿಣದ ಬಿಲ್ಲೆ ಇತ್ತು. ಒರೆ ಮರದ್ದು, ಅದರ ಮೇಲೆ ದಪ್ಪನಾಗಿ ಅರಗು.

ಆ ಕತ್ತಿಯ ಕಥೆಯನ್ನು, ನಾವು ಅಬ್ಬಾ ಎಂದು ಕರೆಯುತ್ತಿದ್ದ ನನ್ನ ತಂದೆ ಪೀರ್ ಸಾಬರ ಬಾಯಿಂದ ಕೇಳದವರು ಊರಲ್ಲಿ ಇರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ದಿನ ಸುಲ್ತಾನರ ಕುದುರೆಪಡೆಯಲ್ಲಿದ್ದ ನಮ್ಮ ಮುತ್ತಾತ ಕೈಯಲ್ಲಿ ಹಿಡಿದಿದ್ದ ಕತ್ತಿ ಅದು. ಕೇಳುವವರು ಇಬ್ಬರೇ ಇದ್ದರೆ ಮುತ್ತಾತ ಇಬ್ಬರು ಗೋರಾ ಸಿಪಾಯಿಗಳನ್ನು ಕಡಿಯುತ್ತಿದ್ದ. ಜಗಲಿ ತುಂಬಾ ಜನ ಇದ್ದರೆ ಏಳೆಂಟು ತಲೆ ಉರುಳುತ್ತಿದ್ದವು. ಅಬ್ಬಾ ಮಾತುಗಾರರು. ಬಾಯಿಗೆ ಬೀಗವೇ ಇಲ್ಲದ ಮನುಷ್ಯ. ಮೊಹರಂ ದಿನ ಆ ಕತ್ತಿ ಹಿಡಿದು ಮೆರವಣಿಗೆಯ ಪಂಜಾಗಳ ಮುಂದೆ ನಡೆಯುವವರೂ ಅವರೇ. ಹಬ್ಬದ ಹಿಂದಿನ ದಿನ ಬಾಗಿಲು ಹಾಕಿಕೊಂಡು ಒರೆಗೆ ಒಂದು ಲೇಪ ಅರಗು ಹಚ್ಚುತ್ತಿದ್ದರು. ಒಂದು ವರ್ಷ ಕೆಂಪು, ಮರುವರ್ಷ ಹಳದಿ. ಆ ಕೆಲಸಕ್ಕೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ನನಗೆ ಮೂವತ್ತಾಗಿತ್ತು, ಅರಗಿನ ಕೆಲಸದಲ್ಲಿ ಕೈ ಪಳಗಿತ್ತು, ಆದರೂ ನಾನು ಆ ಒರೆಯನ್ನು ಮುಟ್ಟಿರಲಿಲ್ಲ.

ತಮಟೆ ಬಡಿದಾಗ ಅಬ್ಬಾ ಊರಲ್ಲಿರಲಿಲ್ಲ. ನನ್ನ ತಂಗಿ ಫಿರೋಜಾಳಿಗೆ ಹೆರಿಗೆಯಾಗಿತ್ತು, ಮೊಮ್ಮಗನನ್ನು ನೋಡಲು ಕಾನಕಾನಹಳ್ಳಿಗೆ ಹೋಗಿದ್ದರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದೆ. ಗಡುವಿಗೆ ಎರಡೇ ದಿನ ಉಳಿದಾಗ ಕತ್ತಿಯನ್ನು ನಾನೇ ಗೋಡೆಯಿಂದ ಇಳಿಸಿದೆ. ಇಳಿಸಿ ನೋಡಿದರೆ ಒರೆ ಹೊಗೆ ಹಿಡಿದು ಮಂಕಾಗಿತ್ತು. ಅರಗಿನ ಕೆಲಸದವರ ಮನೆಯಿಂದ ಇಂಥ ಮಂಕು ಸಾಮಾನು ಅಮಲ್ದಾರರ ಮೇಜಿನ ಮೇಲೆ ಹೋಗಿ ಕೂರುವುದೇ? ನನ್ನ ಕೈ ಸುಮ್ಮನಿರಲಿಲ್ಲ. ಒರೆ ಚಪ್ಪಟೆ, ಕಡಸಲಿಗೆ ಹಾಕಲು ಬರುವುದಿಲ್ಲ. ಕೆಂಡದ ಮೇಲೆ ಹಿಡಿದು ಕಾಯಿಸಿ, ಕೆಂಪು ಅರಗು ಸವರಿ, ತಾಳೆಗರಿ ಸವೆಯುವ ತನಕ ಉಜ್ಜಿದೆ. ಮುಖ ಕಾಣುವ ಹಾಗೆ ಹೊಳೆಯಿತು. ಅದನ್ನು ನೋಡಿ ರೋಶನ್‌ಗೂ ಹುರುಪು ಬಂತು. ಅಲಗಿಗೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ತಿಕ್ಕಿ, ಇದ್ದಬದ್ದ ತುಕ್ಕನ್ನೆಲ್ಲ ತೆಗೆದು ಒರೆಸಿಟ್ಟಳು. ನಾವಿಬ್ಬರೂ ಅದನ್ನು ನೋಡಿಕೊಂಡು ಹಿಗ್ಗಿದೆವು. ಎಂಥ ಬುದ್ಧಿಗೇಡಿಗಳು ನಾವು!

ಗುರುವಾರ ಕಚೇರಿಗೆ ಒಯ್ದೆ. ಬಾಗಿಲಲ್ಲಿ ಜವಾನ ಲಿಂಗಯ್ಯ ನಿಂತಿದ್ದ. ಅವನೂ ನಾನೂ ಒಟ್ಟಿಗೆ ಕೆರೆಯಲ್ಲಿ ಈಜು ಕಲಿತವರು. ಬಟ್ಟೆ ಸರಿಸಿ ನೋಡಿ ಅವನ ಮುಖ ಸಪ್ಪಗಾಯಿತು.

"ಏನ್ಲಾ ಮುನಾವರ್, ಮದ್ವೆ ಹೆಣ್ಣಿಗೆ ಸಿಂಗಾರ ಮಾಡ್ದಂಗೆ ಮಾಡ್ಕಂಡ್ ಬಂದಿದ್ದೀಯಲ್ಲೋ. ಎಲ್ರೂ ತುಕ್ಕು ಹಿಡ್ದಿದ್ದು ತಂದು ಚೀಟಿ ಈಸ್ಕಂಡ್ ಹೋಯ್ತಾವ್ರೆ ಕಣ್ಲಾ. ಇದೇನ್ಲಾ ಇದು?"

ಕತ್ತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ವಾಪಸು ಹೋಗೋಣವೆಂದರೆ ಒಳಗಿನಿಂದ ಕರೆ ಬಂದಾಗಿತ್ತು.

ಅಮಲ್ದಾರರು ತೆಳ್ಳಗಿನ ಮನುಷ್ಯ, ಕನ್ನಡಕದವರು, ದನಿ ಎತ್ತುವವರಲ್ಲ. ಒರೆಯನ್ನು ಕೈಗೆ ತೆಗೆದುಕೊಂಡು ಮೊದಲು ಮೂಗಿನ ಹತ್ತಿರ ಹಿಡಿದರು.

"ಇದು ಯಾವ ಕಾಲದ್ದು?"

"ಸುಲ್ತಾನ್ರ ಕಾಲದ್ದು ಬುದ್ಧೀ."

"ಸುಲ್ತಾನರ ಕಾಲದ ಅರಗು ಇನ್ನೂ ವಾಸನೆ ಬರುತ್ತದೆಯೇ?"

ಅಲಗನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದರು. ರೋಶನ್‌ಳ ಕೈಗುಣ, ಒಂದು ಚುಕ್ಕೆ ತುಕ್ಕಿಲ್ಲ. ಅಮಲ್ದಾರರು ಕತ್ತಿಯನ್ನು ಮೇಜಿನ ಮೇಲಿಟ್ಟು, ನನ್ನ ಬೆರಳುಗಳನ್ನು ನೋಡಿದರು. ಉಗುರುಗಳ ಸಂದಿಯಲ್ಲಿ ಅದೇ ಕೆಂಪು ಅರಗು ಮೆತ್ತಿಕೊಂಡಿತ್ತು.

"ಒರೆ ಮಾಡುವುದು ನಿನಗೆ ಕಷ್ಟದ ಕೆಲಸವಲ್ಲ. ಅಲಗು ಎಲ್ಲಿಂದ ತಂದೆ? ಯಾರು ಮಾಡಿಸಿದ್ದು? ಇನ್ನೆಷ್ಟು ಮಾಡಿಟ್ಟಿದ್ದೀಯೆ?"

ನಾನು ಹಚ್ಚಿದ್ದು ಮೇಲಿನ ಒಂದು ಲೇಪ ಮಾತ್ರ, ಹೆಂಡತಿ ತುಕ್ಕು ತೆಗೆದಳು ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಇಡೀ ದೇಶ ಕಬ್ಬಿಣ ಕಂಡರೆ ಬೆಚ್ಚುವ ಕಾಲದಲ್ಲಿ, ಯಾರಾದರೂ ಹಳೆಯ ಕತ್ತಿಯನ್ನು ಹೊಸದರಂತೆ ಮಾಡಿ ಸರ್ಕಾರದ ಮುಂದೆ ತಂದಿಡುತ್ತಾರೆಯೇ? ಅರಗಿನ ಕೆಲಸದವರು ಮಾಡುತ್ತಾರೆ, ಅದು ಅವರಿಗೆ ಗೊತ್ತಿರಲಿಲ್ಲ.

"ಸೋಮವಾರ ನಿನ್ನ ತಂದೆಯನ್ನು ಕರೆದುಕೊಂಡು ಬಾ," ಅಂದರು. "ಇದು ಹಳೆಯದು ಎನ್ನುವುದಕ್ಕೆ ಸಾಕ್ಷಿ ತೋರಿಸಿದರೆ ಸರಿ. ಇಲ್ಲದಿದ್ದರೆ ನಿನ್ನನ್ನೂ ಕತ್ತಿಯನ್ನೂ ಬೆಂಗಳೂರಿಗೆ ಕಳಿಸಬೇಕಾಗುತ್ತದೆ."

ಕತ್ತಿ ಕಚೇರಿಯಲ್ಲೇ ಉಳಿಯಿತು. ಮನೆಗೆ ಬಂದವನೇ ರೋಶನ್ ಮೇಲೆ ಹರಿಹಾಯ್ದೆ. ಯಾರು ಹೇಳಿದ್ದು ನಿನಗೆ ತಿಕ್ಕೋಕೆ ಅಂದೆ. ಅವಳು ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆ ಊದಲು ಕೂತಳು. ಮೂರು ವರ್ಷದ ಮಗಳು ಮುನ್ನೀ ನನ್ನ ಕಾಲಿಗೆ ಜೋತುಬಿದ್ದು ಗಿಲಕಿ ಆಡಿಸುತ್ತಿದ್ದಳು. ಎರಡು ವರ್ಷ ಅಂದರೆ ಇವಳಿಗೆ ಐದಾಗುತ್ತದೆ, ನನ್ನ ಮುಖ ಮರೆತುಹೋಗುತ್ತದೆ ಎಂಬ ಯೋಚನೆ ಹೊಕ್ಕಿತು. ಆಮೇಲೆ ಊಟ ಸೇರಲಿಲ್ಲ. ಕಡಸಲಿನ ಮುಂದೆ ಕೂತರೆ ಉಳಿ ಜಾರುತ್ತಿತ್ತು. ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಪೊಲೀಸಿನವನೇ ಬಂದ ಎಂದು ಎದ್ದು ಬಾಗಿಲಿಗೆ ಹೋಗುತ್ತಿದ್ದೆ.

ಶನಿವಾರ ಮಧ್ಯಾಹ್ನ ಅಬ್ಬಾ ಗಾಡಿಯಿಂದ ಇಳಿದರು. ಮೊಮ್ಮಗನ ಮೂಗು ತಮ್ಮ ಮೂಗಿನ ಹಾಗೇ ಇದೆ ಎಂದು ಬೀದಿಯ ತುದಿಯಿಂದಲೇ ಕೂಗುತ್ತಾ ಬಂದವರು, ಒಳಗೆ ಕಾಲಿಟ್ಟು ಗೋಡೆ ನೋಡಿದರು.

"ಕತ್ತಿ ಎಲ್ಲೋ?"

ಎಲ್ಲ ಹೇಳಿದೆ. ಕಚೇರಿ, ಜೈಲು, ಸೋಮವಾರ. ಅವರು ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅರಗು ಹಚ್ದ್ಯಾ? ನೀನು ಹಚ್ದ್ಯಾ?"

"ಒಂದ್ ಲೇಪ ಅಬ್ಬಾ. ಮಂಕಾಗಿತ್ತು."

ಕೈ ಎತ್ತಿದರು. ನಾನು ಮಗುವಿದ್ದಾಗಲೂ ಹೊಡೆದವರಲ್ಲ. ಎತ್ತಿದ ಕೈ ಹಾಗೇ ಇಳಿಸಿ ಕಡಸಲಿನ ಪಕ್ಕ ಕುಸಿದು ಕೂತರು. ಮಗನನ್ನು ಜೈಲಿಗೆ ಹಾಕುತ್ತಾರೆ ಅಂದರೆ ಈ ಮನುಷ್ಯನಿಗೆ ಅರಗಿನ ಚಿಂತೆ! ನನಗೂ ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡು, ಎರಡು ದಿನದಿಂದ ತಲೆಯಲ್ಲಿ ಉರುಳುತ್ತಿದ್ದ ಉಪಾಯವನ್ನು ಹೇಳಿದೆ.

"ವರ್ಷಕ್ಕೊಂದು ಲೇಪ ಅಲ್ವಾ ಅಬ್ಬಾ? ಒಂದ್ಸಲ ಕೆಂಪು, ಒಂದ್ಸಲ ಹಳದಿ. ಒರೆ ತುದೀನ ಓರೆಯಾಗಿ ಕೊಯ್ದ್ರೆ ಒಂದೊಂದು ಲೇಪಾನೂ ಗೆರೆ ಥರ ಕಾಣ್ತದೆ. ಅಮಲ್ದಾರ್ರೇ ಎಣಿಸ್ಕಳ್ಳಿ. ನೂರು ದಾಟಿದ್ ಮೇಲೆ ನಾನ್ ಮಾಡಿದ್ದು ಅಂತ ಯಾರಂತಾರೆ?"

ಅಬ್ಬಾ ಮುಖದಲ್ಲಿ ರಕ್ತವಿರಲಿಲ್ಲ.

"ಬ್ಯಾಡ."

"ಯಾಕ್ ಬ್ಯಾಡ?"

"ಒರೆ ಕೆಡ್ತದೆ."

"ನಾನ್ ಜೈಲಿಗೋದ್ರೆ ಏನೂ ಕೆಡಾಕಿಲ್ವಾ?"

ಅವರು ನನ್ನ ಕಣ್ಣು ತಪ್ಪಿಸಿದರು. ಗುಟ್ಟು ಹೇಳುವವರ ಹಾಗೆ ಬಗ್ಗಿ, "ಮಾಗಡಿ ಕಡೆ ಕಲ್ಯದಲ್ಲಿ ಬೈರಪ್ಪ ಅವ್ನೆ," ಅಂದರು. ಬೈರಪ್ಪ ನಮ್ಮಲ್ಲಿಗೆ ಹಾಲೆಮರ ತಂದು ಹಾಕುತ್ತಿದ್ದ ರೈತ. "ಒಸಿ ದಿನ ಅವನ ತೋಟದಾಗೆ ಇದ್ಬುಡು. ಯುದ್ಧ ಮುಗೀಲಿ. ಇಲ್ಲಿ ನಾನ್ ನೋಡ್ಕತೀನಿ."

"ತಪ್ಪೇ ಮಾಡ್ದೆ ಇರೋನು ಓಡೋಗ್ಬೇಕಾ? ಓಡೋದ್ರೆ ಕಳ್ಳ ಅಂತ ನಾನೇ ಒಪ್ಕಂಡಂಗೆ. ನಿಮಗೆ ಮಗ ಮುಖ್ಯಾನೋ, ಅರಗು ಮುಖ್ಯಾನೋ ಹೇಳ್ಬುಡಿ."

ಅಬ್ಬಾ ಎದ್ದು ಹೊರಗೆ ಹೋದರು. ಭಾನುವಾರ ವಿಷಯ ಕೇಳಿ ಬೀದಿಯ ಹಿರಿಯರು ಬಂದು ಜಗಲಿಯಲ್ಲಿ ಕೂತರು. ಪೀರಣ್ಣ, ನಿಮ್ಮ ತಾತನ ಕಥೆ ಹಾಗೇ ಹೇಳಿಬಿಡು ಅಮಲ್ದಾರರಿಗೆ, ಅವರೇ ಎದ್ದುನಿಂತು ಕೈಮುಗಿಯುತ್ತಾರೆ ಎಂದು ಧೈರ್ಯ ಹೇಳಿದರು. ಯಾವತ್ತೂ ಎಬ್ಬಿಸದೆಯೇ ಏಳುವ ಆ ಕಥೆ ಅವತ್ತು ಏಳಲಿಲ್ಲ. ಅಬ್ಬಾ ತಲೆ ಬಗ್ಗಿಸಿ ನೆಲದ ಮೇಲಿನ ಮರದ ಹೊಟ್ಟನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದರು. ಅವರ ಬಾಯಿ ಮುಚ್ಚಿದ್ದನ್ನು ನೋಡಿ ನನಗೆ ಜೈಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಸೋಮವಾರ ಕಚೇರಿಯಲ್ಲಿ ಅಮಲ್ದಾರರು ಕಾಗದ ತೆಗೆದು, "ಕತ್ತಿಯ ಮೂಲ ಹೇಳಿ, ಪೀರ್ ಸಾಬರೇ," ಎಂದರು. ಅಬ್ಬಾ ಮೇಜಿನ ಮೇಲಿದ್ದ ಒರೆಯನ್ನೇ ನೋಡುತ್ತಾ ನಿಂತರು. ನಾನು ತಡೆಯಲಾರದೆ ಮುಂದೆ ಬಿದ್ದೆ. ಮುತ್ತಾತ, ಕುದುರೆಪಡೆ, ಶ್ರೀರಂಗಪಟ್ಟಣ, ಎಲ್ಲವನ್ನೂ ಹೇಳಿ, ವರ್ಷಕ್ಕೊಂದು ಲೇಪದ ಪದ್ಧತಿಯನ್ನೂ ವಿವರಿಸಿದೆ.

"ಹಾಗಾದರೆ ನೂರ ಹದಿನಾರು ಲೇಪ ಇರಬೇಕು," ಎಂದರು ಅಮಲ್ದಾರರು.

"ಇಲ್ಲ ಬುದ್ಧೀ, ನೂರಿಪ್ಪತ್ತು. ನಮ್ ವರ್ಷ ನಿಮ್ದಕ್ಕಿಂತ ಹನ್ನೊಂದು ದಿನ ಕಮ್ಮಿ. ಮೊಹರಂ ಬೇಗ ಬೇಗ ಬತ್ತದೆ."

ಅವರು ತಲೆದೂಗಿ ಅದನ್ನೂ ಬರೆದುಕೊಂಡರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಕಾಗದವನ್ನು ಅಬ್ಬಾ ಕಡೆ ತಳ್ಳಿದಾಗ ಅವರು ನನ್ನ ಮುಖವನ್ನೇ ನೋಡಿದರು. ಹಾಕಿ ಅಬ್ಬಾ, ಎಂದು ಕಣ್ಣಲ್ಲೇ ಗದರಿದೆ. ಅಬ್ಬಾ ರುಜು ಹಾಕಿದರು.

ಮನೆಯಿಂದ ತಂದಿದ್ದ ಉಳಿಯನ್ನು ಬಿಸಿಮಾಡಿಕೊಂಡು, ಅರಗು ಸಿಡಿಯದ ಹಾಗೆ ಒರೆಯ ತುದಿಯನ್ನು ಓರೆಯಾಗಿ ಕೊಯ್ದೆ. ಕೊಯ್ದ ಜಾಗಕ್ಕೆ ಎಣ್ಣೆ ಸವರಿದ ಕೂಡಲೇ ಕೆಂಪು ಹಳದಿ ಗೆರೆಗಳು ಒಂದರ ಪಕ್ಕ ಒಂದು ಎದ್ದು ಕಂಡವು. ಎಷ್ಟು ಚೆಂದ ಇತ್ತೆಂದರೆ ಒಂದು ಗಳಿಗೆ ಜೈಲೂ ಮರೆತುಹೋಯಿತು. ಲಿಂಗಯ್ಯ ಕತ್ತು ಚಾಚಿ, "ಐತೆ ಕಣ್ಲಾ, ಬೋ ಐತೆ!" ಎಂದು ನನ್ನ ಭುಜ ಹಿಸುಕಿದ.

ಅಮಲ್ದಾರರು ಭೂತಗನ್ನಡಿ ಹಿಡಿದು, ಸೂಜಿಯ ಮೊನೆಯಿಂದ ಒಂದೊಂದೇ ಗೆರೆ ಮುಟ್ಟುತ್ತಾ ಎಣಿಸತೊಡಗಿದರು. ಮೇಲಿನದು ನನ್ನದು, ಅದನ್ನು ಬಿಟ್ಟರು. ಒಂದು, ಎರಡು, ಮೂರು. ಅಬ್ಬಾ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಹದಿನೇಳು ಎಂದಾಗ, "ಪ್ಲೇಗು," ಎಂದು ಗೊಣಗಿದರು. "ಊರೆಲ್ಲ ಗುಡಿಸ್ಲು ಹಾಕ್ಕಂಡಿತ್ತು. ಗುಡಿಸ್ಲಲ್ಲೇ ಹಚ್ದೆ." ಮೂವತ್ತೊಂದು ಎಂದಾಗ ನನ್ನತ್ತ ತಿರುಗಿದರು. "ನೀನ್ ಹುಟ್ಟಿದ್ ವರ್ಷ." ಮೂವತ್ತೊಂಬತ್ತು, ನಲವತ್ತರಲ್ಲಿ ಅಮಲ್ದಾರರು ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿಯಬೇಕಾಯಿತು. ಆ ಗೆರೆಗಳು ಕೂದಲಿನಷ್ಟು ತೆಳ್ಳಗಿದ್ದವು.

"ಧಾತು ವರ್ಷದ ಬರ ಬುದ್ಧೀ," ಎಂದರು ಅಬ್ಬಾ. "ಉಣ್ಣಾಕಿಲ್ದೆ ಜನ ಸಾಯ್ತಿದ್ರು. ಅರಗು ಎಲ್ಲಿಂದ ಬರ್ಬೇಕು? ಗಿಲ್ಕಿ ಮೇಲಿಂದ ಕೆರ್ದು ಹಚ್ದೆ."

ಐವತ್ತು ಎಂದಾಗಲೂ ನಾನು ನಗುತ್ತಿದ್ದೆ. ಇನ್ನೂ ಎಪ್ಪತ್ತು ಇವೆಯಲ್ಲ. ಅಬ್ಬಾ ಮಾತ್ರ ಕಣ್ಣು ಮುಚ್ಚಿಕೊಂಡರು.

"ಐವತ್ತೆಂಟು. ಐವತ್ತೊಂಬತ್ತು." ಸೂಜಿ ನಿಂತಿತು. ಅಮಲ್ದಾರರು ಕನ್ನಡಕ ಸರಿಮಾಡಿಕೊಂಡರು. "ಮುಂದೆ ಮರ."

"ಇನ್ನೊಂದ್ಸಲ ನೋಡಿ ಬುದ್ಧೀ," ಎಂದು ಅವರ ಕೈಯಿಂದಲೇ ಕನ್ನಡಿ ಕಿತ್ತುಕೊಂಡೆ. ಅಷ್ಟು ಸಲಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಐವತ್ತೊಂಬತ್ತನೆಯ ಗೆರೆಯ ಕೆಳಗೆ ಬೆಳ್ಳನೆಯ ಹಾಲೆಮರ. ಉಳಿದ ಅರವತ್ತೊಂದು ಲೇಪ ಎಲ್ಲಿಯೂ ಇರಲಿಲ್ಲ.

ಅಮಲ್ದಾರರು ಕಾಗದದ ಮೂಲೆಯಲ್ಲಿ ಸಣ್ಣದೊಂದು ಲೆಕ್ಕ ಹಾಕಿದರು. "ಇಷ್ಟು ಹಳೆಯದನ್ನು ಇವನು ಮಾಡಿರಲು ಸಾಧ್ಯವಿಲ್ಲ. ಮುನಾವರ್ ಮೇಲೆ ಏನೂ ಇಲ್ಲ," ಎಂದರು. ನಾಲ್ಕು ದಿನದಿಂದ ಕಾದಿದ್ದ ಮಾತು ಅದು. ಸಂತೋಷ ಪಡುವಷ್ಟು ಬಿಡುವನ್ನೂ ಅವರು ಕೊಡಲಿಲ್ಲ. "ಆದರೆ ಈ ಕಾಗದದಲ್ಲಿ ಬರೆದದ್ದು ಸುಳ್ಳು. ಇದು ನಿಮ್ಮ ಮನೆಗೆ ಬಂದದ್ದು ಸಾವಿರದ ಎಂಟುನೂರ ಐವತ್ತೆಂಟರಲ್ಲಿ. ಸಿಪಾಯಿಗಳ ದಂಗೆಯ ಆ ಎರಡು ವರ್ಷ ಯಾರು ಯಾರು ಕತ್ತಿ ಹಿಡಿದಿದ್ದರು ಅನ್ನುವುದು ನನಗೆ ಗೊತ್ತು. ಪೀರ್ ಸಾಬರೇ, ಈ ಕತ್ತಿ ಯಾರದು?"

ಅಬ್ಬಾ ಸರಳು ಬಿಟ್ಟು, ಮೇಜಿನ ಮುಂದೆ ನೆಲದ ಮೇಲೆ ಕೂತರು. ಲಿಂಗಯ್ಯ ಬಾಗಿಲನ್ನು ಅರ್ಧ ಮುಂದೆ ಮಾಡಿದ.

"ನಂಗಾಗ ಹನ್ನೆರ್ಡು ವರ್ಷ ಬುದ್ಧೀ. ಸುರಪುರದ ಕಡೆಯಿಂದ ಒಬ್ಬ ಬಂದ. ಅಲ್ಲಿ ಕುಂಪಣಿಯೋರ ಮೇಲೆ ಬಿದ್ದು, ಸೋತು, ನಡ್ಕಂಡೇ ಬಂದಿದ್ದ. ಕಾಲೆಲ್ಲ ಗಾಯ. ನಮ್ಮಪ್ಪ ಅಟ್ಟದ ಮೇಲೆ ಮಡಿಕ್ಕಂಡು ಅನ್ನ ಇಕ್ದ. ಅವನ ಕತ್ತಿಗೆ ಒರೆ ಇರ್ನಿಲ್ಲ, ಹಳೇ ಪಂಚೆ ಸುತ್ಕಂಡಿದ್ದ. ನೀನು ಹೊರಡೋ ಹೊತ್ಗೆ ಒಂದು ಒರೆ ಮಾಡಿಕೊಡ್ತೀನಿ ಅಂದ ನಮ್ಮಪ್ಪ. ಊಟ ತಕ್ಕೊಂಡು ಮ್ಯಾಕೆ ಹೋಗೋನು ನಾನು. ಅವ್ನು ಹತ್ರ ಕೂರ್ಸ್ಕಂಡು ಮಾತಾಡ್ಸೋನು. ತನ್ನ ಹೆಸ್ರು, ಊರು, ತಾಯಿ ಹೆಸ್ರು ಎಲ್ಲಾ ಹೇಳ್ದ."

ನಾನು ಹುಟ್ಟಿದಾಗಿನಿಂದ ಕೇಳಿದ್ದ ದನಿ ಅದಾಗಿರಲಿಲ್ಲ. ಕಥೆ ಹೇಳುವಾಗಿನ ಏರಿಳಿತ ಅದರಲ್ಲಿ ಒಂದಿಷ್ಟೂ ಇರಲಿಲ್ಲ.

"ಕೆರೆ ಹತ್ರ ಹುಡುಗ್ರು ನನ್ನ ಬೊಂಬೆ ಸಾಬ, ಬೊಂಬೆ ಸಾಬ ಅಂತ ಆಡ್ಕತಿದ್ರು. ನಮ್ ಮನೇಲಿ ನಿಜ್ವಾದ ಸಿಪಾಯಿ ಅವ್ನೆ ಅಂದ್ಬುಟ್ಟೆ. ನಂಬ್ನಿಲ್ಲ. ಸುಳ್ಳ ಅಂದ್ರು. ಸುಳ್ಳ ಅನ್ನುಸ್ಕಳ್ಳಾಕೆ ಆಗ್ನಿಲ್ಲ ನಂಗೆ. ಹೆಸ್ರೂ ಹೇಳ್ದೆ. ಊರೂ ಹೇಳ್ದೆ. ಮೂರ್ನೇ ದಿನಕ್ಕೆ ಕುಂಪಣಿಯೋರು ಬಂದ್ಬುಟ್ರು. ಅಟ್ಟದಿಂದ ಎಳೆದು ಕೆಡವಿದ್ರು. ಈ ಮನೆಯೋರಿಗೆ ನಾನ್ಯಾರೂಂತ ಗೊತ್ತಿಲ್ಲ, ಕೂಲಿ ಕೇಳ್ಕಂಡು ಬಂದೆ ಅಂತ ಅವ್ನೇ ಹೇಳಿ ನಮ್ಮಪ್ಪನ್ನ ಉಳುಸ್ದ. ಅವನ ಹೆಸ್ರು ಹಿಡ್ದು ಕೂಗುದ್ರಲ್ಲ ಬುದ್ಧೀ, ಆಗ ನನ್ ಕಡೆ ಒಂದ್ಸಲ ನೋಡ್ದ. ಬೈನಿಲ್ಲ. ಬೆಂಗ್ಳೂರಿಗೆ ತಕ್ಕೊಂಡೋಗಿ ನೇಣಿಗಾಕಿದ್ರಂತೆ."

"ಕತ್ತಿ?"

"ಒರೆ ಅಳತೆಗೆ ಅಂತ ನಮ್ಮಪ್ಪ ಕಡಸ್ಲಿನ ಕೆಳ್ಗೆ ಮಡ್ಗಿದ್ದ. ಸಿಕ್ನಿಲ್ಲ ಅವ್ರಿಗೆ. ಆಮ್ಯಾಕೆ ನಮ್ಮಪ್ಪ ಒರೆ ಮುಗುಸ್ದ. ಅರಗು ಮಾತ್ರ ಅವನು ಮುಟ್ನಿಲ್ಲ. ಮೊಹರಂ ಹಿಂದಿನ ದಿನ ನನ್ನ ಕರ್ದು, ಹಚ್ಚು ಅಂದ. ಮರುವರ್ಷಾನೂ ಹಚ್ಚು ಅಂದ. ಸಾಯೋಗಂಟ ಆ ವಿಚಾರದಾಗೆ ನಂಗೆ ಆಡಿದ್ದು ಅದೊಂದೇ ಮಾತು. ಯಾರಾದ್ರೂ ಕತ್ತಿ ಎಲ್ಲೀದು ಅಂತ ಕೇಳೋರು. ನಮ್ ತಾತಂದು ಅಂದೆ. ಜನ ಖುಷಿಪಟ್ರು. ಅದ್ನೇ ಹೇಳ್ತಾ ಬಂದೆ."

ಮುತ್ತಾತ ನನ್ನ ಕಣ್ಣೆದುರಿಗೇ ಕುದುರೆಯಿಂದ ಇಳಿದು ಮಾಯವಾದ. ಮೊದಲು ನನಗೆ ಬಂದದ್ದು ನಾಚಿಕೆ, ಲಿಂಗಯ್ಯ ಕೇಳಿಸಿಕೊಳ್ಳುತ್ತಿದ್ದಾನಲ್ಲ ಎಂದು. ಆಮೇಲೆ ಆ ಹನ್ನೆರಡು ವರ್ಷದ ಹುಡುಗ ಬಾಗಿಲು ಹಾಕಿಕೊಂಡು ಅರಗು ಹಚ್ಚುತ್ತಾ ಕೂತದ್ದು ಕಂಡಂತಾಯಿತು. ಲೇಪ ಎಣಿಸಲಿ ಎಂದು ಅವರನ್ನು ಇಲ್ಲಿಗೆ ಎಳೆದು ತಂದವನು ನಾನು. ಓಡಿಹೋಗು ಎಂದಾಗ ಮಗನೋ ಅರಗೋ ಎಂದು ಕೇಳಿದವನೂ ನಾನೇ.

ಅಮಲ್ದಾರರು ಬಹಳ ಹೊತ್ತು ಕನ್ನಡಕ ಒರೆಸಿದರು. ರುಜು ಹಾಕಿದ್ದ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ, ಹೊಸ ಹಾಳೆ ತೆಗೆದರು.

"ಆಗ ನೀವು ಮಗು. ಅದರ ಮೇಲೆ ಈಗ ನಡೆಸುವಂಥದ್ದೇನೂ ಇಲ್ಲ," ಎಂದರು. "ಈ ಕತ್ತಿ ನಿಮ್ಮದಲ್ಲ, ಒಬ್ಬರು ನಿಮ್ಮಲ್ಲಿ ಬಿಟ್ಟುಹೋದದ್ದು. ಹಾಗೇ ಬರೆಯುತ್ತೇನೆ. ಬರೆದು ನಿಮ್ಮ ವಶಕ್ಕೇ ಕೊಡುತ್ತೇನೆ, ಮೊದಲಿನ ಹಾಗೆ ಗೋಡೆಯ ಮೇಲೆ ಇರಲಿ. ಬಿಟ್ಟುಹೋದವರ ಹೆಸರು, ಊರು ಮಾತ್ರ ಬೇಕು. ಅದಿಲ್ಲದೆ ಹೋದರೆ ವಾರಸುದಾರರಿಲ್ಲದ ಆಯುಧವಾಗುತ್ತದೆ, ಸರ್ಕಾರದ ಉಗ್ರಾಣಕ್ಕೆ ಹೋಗಿಬಿಡುತ್ತದೆ. ಆಮೇಲೆ ನಾನೂ ಬಿಡಿಸಿಕೊಡಲಾರೆ."

ಲೇಖನಿಯನ್ನು ಮಸಿಯಲ್ಲಿ ಅದ್ದಿದರು. "ಹೆಸರು?"

ಅಬ್ಬಾ ಲೇಖನಿಯ ಮೊನೆಯನ್ನು ನೋಡಿದರು.

"ನೆನಪಿಲ್ಲವೇ?"

"ಐತೆ ಬುದ್ಧೀ."

"ಮತ್ತೆ ಹೇಳಿ."

"ಹೇಳಾಕಿಲ್ಲ."

ಲೇಖನಿಯ ಮೊನೆಯಿಂದ ಒಂದು ತೊಟ್ಟು ಮಸಿ ಹಾಳೆಯ ಮೇಲೆ ಬಿತ್ತು. ಅಮಲ್ದಾರರು ಅದನ್ನು ನೋಡಿದರೇ ಹೊರತು ಒರೆಸಲಿಲ್ಲ.

"ಅವರು ಸತ್ತು ಐವತ್ತೇಳು ವರ್ಷವಾಯಿತು, ಪೀರ್ ಸಾಬರೇ. ನೀವು ಹೆಸರು ಹೇಳಿದರೆ ಇನ್ನು ಅವರಿಗೆ ಏನೂ ಆಗುವುದಿಲ್ಲ."

"ಅವತ್ತೂ ಹಂಗೇ ಅನ್ಕಂಡಿದ್ದೆ ಬುದ್ಧೀ, ಹೆಸ್ರು ಹೇಳುದ್ರೆ ಏನಾಯ್ತದೆ ಅಂತ." ಅಬ್ಬಾ ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದುನಿಂತರು. "ಒಂದ್ಸಲ ಹೇಳ್ಬುಟ್ಟಿವ್ನಿ. ಇನ್ನೊಂದ್ಸಲ ಹೇಳಾಕಿಲ್ಲ. ಕತ್ತಿ ನೀವೇ ಮಡಿಕ್ಕಳಿ."

"ಅಬ್ಬಾ," ಎಂದೆ ನಾನು. ಕತ್ತಿ ಹೋಗುತ್ತದೆ ಎಂಬ ಸಂಕಟಕ್ಕೆ ಅಷ್ಟು ಬಾಯಿಗೆ ಬಂತು. ಅವರು ಒಮ್ಮೆ ನನ್ನನ್ನು ನೋಡಿ ಬಾಗಿಲ ಕಡೆ ತಿರುಗಿದರು.

ಅಮಲ್ದಾರರು ಇನ್ನೊಂದು ಮಾತು ಕೇಳಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು, ಕತ್ತಿಯನ್ನು ಒರೆಗೆ ಸೇರಿಸಿ ಲಿಂಗಯ್ಯನ ಕೈಗೆ ಕೊಟ್ಟರು. ಲಿಂಗಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿನ ಕೋಣೆಗೆ ಒಯ್ದ. ಬೀಗ ಹಾಕಿದ ಸದ್ದು ನಮಗೂ ಕೇಳಿಸಿತು.

ಮನೆಗೆ ನಡೆಯುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಜಗಲಿಗಳಿಂದ ಜನ ಎದ್ದು ಬಂದು ಏನಾಯ್ತು, ಕತ್ತಿ ಎಲ್ಲಿ ಎಂದು ಮುತ್ತಿಕೊಂಡರು. "ನನ್ ಮಗ ಮನೆಗೆ ಬಂದ," ಎಂದಷ್ಟೇ ಹೇಳಿ ಅಬ್ಬಾ ಮುಂದೆ ನಡೆದರು.

ಆಮೇಲೆ ಅವರು ಆರು ವರ್ಷ ಬದುಕಿದ್ದರು. ದಿನವೂ ನಾವಿಬ್ಬರೂ ಎದುರುಬದುರು ಕೂತು ಮರ ಕಡೆಯುತ್ತಿದ್ದೆವು. ಕಡಸಲು ನಿಂತು ಸದ್ದಡಗಿದಾಗೆಲ್ಲ ಆ ಹೆಸರು ನನ್ನ ನಾಲಗೆಯ ತುದಿಗೆ ಪ್ರಶ್ನೆಯಾಗಿ ಬಂದು ನಿಲ್ಲುತ್ತಿತ್ತು. ಕಡೆಗೂ ನಾನು ಕೇಳಲಿಲ್ಲ. ಕೇಳಿದ್ದರೆ, ಮಗನಲ್ಲವೇ ಎಂದು, ನನಗೆ ಹೇಳಿಬಿಡುತ್ತಿದ್ದರೇನೋ ಎಂಬ ಭಯ ಇತ್ತು.